ಕಾರು ಕಾಯಬೇಕಾ? ಮೊದಲು ಕೀ ಕಾಯಿರಿ

ಕಾರು ಕಳ್ಳತನದ ಬಗ್ಗೆ ಪ್ರಶ್ನೆಗಳು ಬಂದು ರಾಶಿ ಬಿದ್ದಿದ್ದವು. ಈ ಸಲ ಪೂರ್ತಿ ಅಂಕಣ ಅದಕ್ಕೇ. ಬರೆದವರಲ್ಲಿ ಐಷಾರಾಮಿ ಕಾರಿನವರು ಒಬ್ಬರೂ ಇಲ್ಲ. ಎಲ್ಲರದ್ದೂ ಮಕ್ಕಳನ್ನು ಶಾಲೆಗೆ ಬಿಡುವ, ಮನೆ ಸಾಮಾನು ಹೊರುವ, ಹಿಂದಿನ ಸೀಟಿನ ಕೆಳಗೆ ಮುರಿದ ಆಟಿಕೆ ಬಿದ್ದಿರುವ ಗಾಡಿಗಳು.

ಪ್ರಶ್ನೆ: ನಮ್ಮದು ಆರು ವರ್ಷ ಹಳೆಯ ಸಾಧಾರಣ ಕಾರು. ಇದನ್ನು ಯಾರು ಕದಿಯುತ್ತಾರೆ? ಸುಮ್ನೆ ಹೆದರುತ್ತಿದ್ದೇವಾ?

ಉತ್ತರ: ಕದಿಯುತ್ತಾರೆ. ಸಾಧಾರಣ ಅನ್ನುವ ಕಾರಣಕ್ಕೇ ಕದಿಯುತ್ತಾರೆ. ನಿಮ್ಮದೇ ಮಾಡೆಲ್ ರಸ್ತೆ ತುಂಬ ಓಡಾಡುತ್ತಿದೆ ಅಂದರೆ ಅದರ ಬಾಗಿಲು, ಹೆಡ್‌ಲೈಟು, ಬಂಪರು, ಏರ್‌ಬ್ಯಾಗು ಎಲ್ಲಕ್ಕೂ ಗಿರಾಕಿಗಳಿದ್ದಾರೆ ಅಂತಲೇ ಅರ್ಥ. ಬಿಚ್ಚಿ ಬಿಡಿಬಿಡಿಯಾಗಿ ಮಾರಿದರೆ ಈ ಬಾಗಿಲು ಯಾವ ಕಾರಿನದ್ದು ಅಂತ ಯಾರು ಕೇಳುತ್ತಾರೆ? ಅಪರೂಪದ ಸ್ಪೋರ್ಟ್ಸ್ ಕಾರು ಹೋದರೆ ಹತ್ತು ಜನ ತಿರುಗಿ ನೋಡುತ್ತಾರೆ. ನಿಮ್ಮ ಬೂದು ಬಣ್ಣದ ಕಾರನ್ನು ಪಾರ್ಕಿಂಗಿನಲ್ಲಿ ನೀವೇ ಹುಡುಕಾಡಬೇಕು, ಅಲ್ವಾ? ಕಳ್ಳನಿಗೆ ಅದೇ ಅನುಕೂಲ.

ಹಾಗಂತ ನಿದ್ದೆಗೆಡಬೇಡಿ. ಯಾರೂ ಕದಿಯಲಾಗದ ಕಾರು ಅಂತ ಒಂದಿಲ್ಲ. ಆದರೆ 'ಇದರ ಸಹವಾಸ ಬೇಡ, ಮುಂದಿನದ್ದು ನೋಡೋಣ' ಅಂತ ಅವನಿಗೆ ಅನಿಸುವಂತೆ ಮಾಡಬಹುದು. ಒಂದು ಸುಲಭದ ಕೆಲಸ ಹೇಳುತ್ತೇನೆ. ಕಾರಿನ 17 ಅಕ್ಷರ-ಅಂಕಿಗಳ ಚಾಸಿ ನಂಬರನ್ನು ಎಲ್ಲ ಗಾಜುಗಳ ಮೂಲೆಯಲ್ಲಿ ಕೆತ್ತಿಸಿಬಿಡಿ. ನಂಬರಿರುವ ಗಾಜು ಮಾರುವುದು ಕಷ್ಟ, ಎಲ್ಲ ಗಾಜೂ ಬದಲಿಸುವುದು ಇನ್ನೂ ಕಷ್ಟ.

ಪ್ರಶ್ನೆ: ನಮ್ಮದು ಬಟನ್ ಒತ್ತಿದರೆ ಸ್ಟಾರ್ಟ್ ಆಗುವ ಕಾರು. ಕೀ ಬಾಗಿಲ ಪಕ್ಕದ ಮೊಳೆಗೆ ನೇತು ಹಾಕುತ್ತೇವೆ. ಕೀ ಮುಟ್ಟದೇ ಕಾರು ಒಯ್ಯುತ್ತಾರೆ ಅಂತ ಕೇಳಿದೆ. ನಿಜವಾ? ಹೇಗೆ?

ಉತ್ತರ: ನಿಜ. ಇವತ್ತು ಆ ಮೊಳೆ ಕಿತ್ತುಬಿಡಿ, ಆಮೇಲೆ ಉಳಿದದ್ದು ಓದಿ.

ನೀವು ಹ್ಯಾಂಡಲ್ ಮುಟ್ಟಿದಾಗ ಕಾರು ಸಣ್ಣ ದನಿಯಲ್ಲಿ 'ಇದ್ದೀಯಾ?' ಅಂತ ಕೀಯನ್ನು ಕರೆಯುತ್ತದೆ. ಸಾಮಾನ್ಯವಾಗಿ 125 ಕಿಲೋಹರ್ಟ್ಜ್ ಆಸುಪಾಸಿನ ಈ ಕರೆ ಒಂದೆರಡು ಮೀಟರ್ ದಾಟುವುದಿಲ್ಲ. ಕೀ ಅದನ್ನು ಕೇಳಿಸಿಕೊಂಡು 'ಇದ್ದೀನಿ' ಅನ್ನುತ್ತದೆ. ಅದರ ಉತ್ತರ ಬೇರೆ ತರಂಗಾಂತರದಲ್ಲಿ, ಇನ್ನೂ ಜಾಸ್ತಿ ದೂರ ಹೋಗುತ್ತದೆ. ಕಾರಿನ ಲೆಕ್ಕ ಇಷ್ಟೇ: ನನ್ನ ಸಣ್ಣ ದನಿ ಕೇಳಿಸಿತು ಅಂದಮೇಲೆ ಕೀ ಪಕ್ಕದಲ್ಲೇ ಇರಬೇಕು. ಕಳ್ಳರು ಈ ನಂಬಿಕೆಯನ್ನೇ ಹಿಡಿದುಕೊಂಡರು. ಒಬ್ಬ ಕಾರಿನ ಹತ್ತಿರ ನಿಲ್ಲುತ್ತಾನೆ, ಇನ್ನೊಬ್ಬ ಆಂಟೆನಾ ಹಿಡಿದು ನಿಮ್ಮ ಬಾಗಿಲ ಹತ್ತಿರ, ಗೋಡೆ ಪಕ್ಕ ಓಡಾಡುತ್ತಾನೆ. ಕಾರಿನ ಕರೆಯನ್ನು ಹೊತ್ತು ತಂದು ಕೀಯ ಕಿವಿಗೆ ಹಾಕುತ್ತಾರೆ. ಪಾಪದ ಕೀ, ಪ್ರಾಮಾಣಿಕವಾಗಿ ಉತ್ತರ ಕೊಡುತ್ತದೆ. ಯಾವ ರಹಸ್ಯ ಸಂಕೇತವನ್ನೂ ಒಡೆದಿಲ್ಲ, ಗಾಜು ಒಡೆದಿಲ್ಲ, ಅಲಾರಂ ಕೂಗಿಲ್ಲ. ಒಮ್ಮೆ ಎಂಜಿನ್ ಶುರುವಾದರೆ ಮುಗಿಯಿತು, ಏಕೆಂದರೆ ಓಡುವಾಗ ಕೀ ಸಿಗ್ನಲ್ ತಪ್ಪಿತು ಅಂತ ನಡುರಸ್ತೆಯಲ್ಲಿ ಎಂಜಿನ್ ನಿಂತರೆ ಅಪಘಾತವಾದೀತು, ಹಾಗಾಗಿ ಕಾರು ಕುಂಯ್‌ಗುಟ್ಟಿ ಎಚ್ಚರಿಸುತ್ತದೆಯೇ ಹೊರತು ನಿಲ್ಲುವುದಿಲ್ಲ.

ಪರಿಹಾರ ಅಗ್ಗದ್ದೇ. ಒಳಗೆ ಲೋಹದ ಪದರ ಇರುವ, ಸಿಗ್ನಲ್ ತಡೆಯುವ ಚೀಲ ಸಿಗುತ್ತದೆ. ಕೀಯನ್ನು ಅದರಲ್ಲಿ ಹಾಕಿ ಬಾಗಿಲು, ಕಿಟಕಿ, ಹೊರಗೋಡೆಯಿಂದ ದೂರ ಇಡಿ. ಎರಡನೇ ಕೀಯನ್ನೂ ಹಾಕಿ, ಎಲ್ಲರೂ ಮರೆಯುವುದು ಅದನ್ನೇ. ಒಂದಕ್ಕೆ ಚೀಲ ತೊಡಿಸಿ ಇನ್ನೊಂದನ್ನು ಬಾಗಿಲ ಪಕ್ಕದ ಡ್ರಾಯರಿನಲ್ಲಿಟ್ಟರೆ ಚೀಲದ ದುಡ್ಡು ದಂಡ. ತಂದ ದಿನವೇ ಪರೀಕ್ಷೆ ಮಾಡಿ: ಕೀಯನ್ನು ಚೀಲಕ್ಕೆ ಹಾಕಿ, ಕಾರಿನ ಪಕ್ಕ ಹೋಗಿ ಹ್ಯಾಂಡಲ್ ಎಳೆಯಿರಿ. ತೆರೆದುಕೊಂಡರೆ ಚೀಲ ವಾಪಸ್ ಕೊಡಿ. ಮಡಿಕೆಯಲ್ಲಿ ಲೋಹದ ಪದರ ಸವೆಯುತ್ತದೆ, ಹಾಗಾಗಿ ತಿಂಗಳಿಗೊಮ್ಮೆ ಇದೇ ಪರೀಕ್ಷೆ. ಬಿಗಿ ಮುಚ್ಚಳದ ತಗಡಿನ ಡಬ್ಬಿ ಕೆಲವು ಸಲ ಸಾಕಾಗುತ್ತದೆ, ಅದನ್ನೂ ಹೀಗೇ ನೋಡಿಕೊಳ್ಳಿ. ಮೈಕ್ರೋವೇವ್ ಒಲೆಯೊಳಗೆ ಇಡಿ ಅನ್ನುವ ಸಲಹೆ ಮಾತ್ರ ಬೇಡವೇ ಬೇಡ. ಮನೆಯಲ್ಲಿ ಯಾರೋ ಒಬ್ಬರು ನೋಡದೇ ಅದನ್ನು ಆನ್ ಮಾಡುವ ದಿನ ಬಂದೇ ಬರುತ್ತದೆ.

ಜೊತೆಗೆ ಕಾರಿನ ಕೈಪಿಡಿ ತೆಗೆಯಿರಿ. ಹೌದು, ಇದುವರೆಗೂ ಪ್ಲಾಸ್ಟಿಕ್ ಕವರಿನಲ್ಲೇ ಇದೆಯಲ್ಲ, ಅದೇ. ಕೀಯಿಲ್ಲದ ಪ್ರವೇಶವನ್ನು ಪೂರ್ತಿ ಆಫ್ ಮಾಡುವ ಸೌಲಭ್ಯ ಕೆಲವು ಕಾರುಗಳಲ್ಲಿದೆ. ಕೆಲವು ಹೊಸ ಕೀಗಳು ಸ್ವಲ್ಪ ಹೊತ್ತು ಅಲುಗಾಡದೇ ಬಿದ್ದಿದ್ದರೆ ತಾವೇ ನಿದ್ದೆ ಹೋಗುತ್ತವೆ. ಇನ್ನೂ ಹೊಸ ಕೆಲವು ಕಾರುಗಳು ಸಿಗ್ನಲ್ ಹೋಗಿ ಬರಲು ಹಿಡಿದ ಸಮಯ ಅಳೆದು ಕೀ ಎಷ್ಟು ದೂರ ಇದೆ ಅಂತ ಕಂಡುಹಿಡಿಯುತ್ತವೆ, ಅಲ್ಲಿ ಈ ಆಟ ನಡೆಯುವುದು ತುಂಬಾ ಕಷ್ಟ. ನಿಮ್ಮದು ಯಾವ ಜಾತಿ ಅಂತ ತಿಳಿದುಕೊಳ್ಳಿ.

ಪ್ರಶ್ನೆ: ಸ್ಟೇರಿಂಗ್ ಮೇಲೆ ಹಾಕುವ ಕಬ್ಬಿಣದ ಲಾಕ್ ತಂದೆ. ಮಗ ನಗುತ್ತಾನೆ, ಇದು ಯಾವ ಕಾಲದ್ದು ಅಂತ.

ಉತ್ತರ: ನಗಲಿ ಬಿಡಿ, ನೀವು ಲಾಕ್ ಹಾಕುತ್ತಿರಿ. ಲ್ಯಾಪ್‌ಟಾಪ್, ಆಂಟೆನಾ ಹಿಡಿದು ಬರುವ ಕಳ್ಳ ಗರಗಸ ತಂದಿರುವುದಿಲ್ಲ. ತಂದಿದ್ದರೂ ಕೊಯ್ಯಲು ಹೊತ್ತು ಬೇಕು, ಸದ್ದಾಗುತ್ತದೆ. ಅವನಿಗೆ ಆಗದೇ ಇರುವುದು ಈ ಎರಡೇ. ಲಾಕನ್ನು ಮುರಿಯದೇ ಸ್ಟೇರಿಂಗ್ ಚಕ್ರವನ್ನೇ ಕತ್ತರಿಸಬಹುದು, ಅದು ನಿಜ. ಹಾಗಾಗಿ ಕಡ್ಡಿಯಂಥದ್ದಕ್ಕಿಂತ ಚಕ್ರವನ್ನು ಪೂರ್ತಿ ಮುಚ್ಚುವ ತಟ್ಟೆಯಂಥದ್ದು ವಾಸಿ. ಆದರೆ ದಿನಾ ಹಾಕುವ ಮಾಮೂಲಿ ಲಾಕು, ಡಿಕ್ಕಿಯಲ್ಲಿ ಮಲಗಿರುವ ಒಳ್ಳೆಯ ಲಾಕಿಗಿಂತ ಎಷ್ಟೋ ಮೇಲು.

ಮಗನಿಗೆ ಒಂದು ಕಥೆ ಹೇಳಿ. ಅಮೆರಿಕದಲ್ಲಿ ಹ್ಯುಂಡೈ, ಕಿಯಾದ 2011ರಿಂದ 2021ರವರೆಗಿನ ಹಲವು ಮಾಡೆಲ್‌ಗಳು ಇಮೊಬಿಲೈಸರ್ (ಸರಿಯಾದ ಕೀ ಇಲ್ಲದೇ ಎಂಜಿನ್ ಶುರುವಾಗದಂತೆ ತಡೆಯುವ ವ್ಯವಸ್ಥೆ) ಇಲ್ಲದೇ ಬಂದಿದ್ದವು. ಕೀ ತಿರುಗಿಸಿ ಸ್ಟಾರ್ಟ್ ಮಾಡುವ ಕಾರುಗಳು. ಕದಿಯುವುದು ಹೇಗೆ ಅಂತ ತೋರಿಸುವ ವಿಡಿಯೋಗಳು 2022ರಲ್ಲಿ ಟಿಕ್‌ಟಾಕ್‌ನಲ್ಲಿ ಹರಡಿದ್ದೇ ತಡ, ಹುಡುಗರು ಪಂದ್ಯ ಕಟ್ಟಿದವರ ಹಾಗೆ ಕಾರು ಎತ್ತಲು ಶುರು ಮಾಡಿದರು. 2023ರ ಫೆಬ್ರವರಿಯಲ್ಲಿ ಕಂಪನಿಗಳು ಸುಮಾರು 83 ಲಕ್ಷ ಕಾರುಗಳಿಗೆ ಹೊಸ ಸಾಫ್ಟ್‌ವೇರ್ ಘೋಷಿಸಿದವು. ಅದರ ಜೊತೆ ಪೊಲೀಸರ ಮೂಲಕ ಪುಕ್ಕಟೆ ಹಂಚಿದ್ದು ಏನು ಗೊತ್ತಾ? ಇದೇ ಕಬ್ಬಿಣದ ಸ್ಟೇರಿಂಗ್ ಲಾಕು.

ಪ್ರಶ್ನೆ: ಕಾರಿನಲ್ಲೇ ಇಮೊಬಿಲೈಸರ್ ಇದೆ, ಬೇರೇನೂ ಬೇಡ ಅಂತ ಮಾರಿದವರು ಹೇಳಿದರು. ಸಾಕಾ?

ಉತ್ತರ: ಅರ್ಧ ನಿಜ. ಕೀಯೊಳಗಿನ ಚಿಪ್ಪನ್ನು ಗುರುತು ಹಿಡಿಯದೇ ಎಂಜಿನ್ ಶುರು ಮಾಡದ ಈ ವ್ಯವಸ್ಥೆ ಹೊಸ ಕಾರುಗಳಿಗೆ ಯುರೋಪ್ ಒಕ್ಕೂಟದಲ್ಲಿ 1998ರಲ್ಲಿ, ಆಸ್ಟ್ರೇಲಿಯಾದಲ್ಲಿ 2001ರಲ್ಲಿ, ಕೆನಡಾದಲ್ಲಿ 2007ರಲ್ಲಿ ಕಡ್ಡಾಯವಾಯಿತು. ವೈರು ಜೋಡಿಸಿ ಗಾಡಿ ಹೊಡೆಯುವ ಹಳೇ ಕಳ್ಳರಿಗೆ ಅದರಿಂದ ದೊಡ್ಡ ಹೊಡೆತವೇ ಬಿತ್ತು. ಆದರೆ ಇವರು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರುತ್ತಾರೆ. ಸ್ಟೇರಿಂಗ್ ಕೆಳಗೆ ಮೆಕ್ಯಾನಿಕ್ ತನ್ನ ಯಂತ್ರ ಸಿಕ್ಕಿಸುವ ಒಬಿಡಿ ಪೋರ್ಟ್ ಇದೆಯಲ್ಲ, ಒಳಗೆ ನುಗ್ಗಿದವನು ಅಲ್ಲಿಂದಲೇ ಹೊಸ ಕೀಯನ್ನು ಕಾರಿಗೆ ಪರಿಚಯ ಮಾಡಿಸಬಲ್ಲ. ಅದಕ್ಕೆ ಬೀಗ ಇರುವ ಲೋಹದ ಮುಚ್ಚಳ ಬರುತ್ತದೆ, ಹಾಕಿಸಿಕೊಳ್ಳಿ.

ಇನ್ನೊಂದು ದಾರಿ ಹೊರಗಿಂದಲೇ. 2022ರಲ್ಲಿ ಲಂಡನ್ನಿನಲ್ಲಿ ವಾಹನಗಳ ಸೈಬರ್ ಭದ್ರತೆಯನ್ನೇ ಕಸುಬು ಮಾಡಿಕೊಂಡಿದ್ದ ಒಬ್ಬರ ಕಾರೇ ಹೋಯಿತು. ಅದಕ್ಕೆ ಮುಂಚೆ ಎರಡು ಸಲ ಅವರ ಕಾರಿನ ಬಂಪರ್ ಕಿತ್ತು, ಹೆಡ್‌ಲೈಟಿನ ವೈರು ಎಳೆದಿದ್ದರು. ಯಾರೋ ಪುಂಡರ ಕೆಲಸ ಅಂದುಕೊಂಡಿದ್ದರು. ಆಮೇಲೆ ಪಟ್ಟು ಹಿಡಿದು ಹುಡುಕಿದಾಗ ಗೊತ್ತಾಯಿತು: ಬ್ಲೂಟೂತ್ ಸ್ಪೀಕರಿನ ಕವಚದೊಳಗೆ ಅಡಗಿಸಿದ ಒಂದು ಯಂತ್ರವನ್ನು ಹೆಡ್‌ಲೈಟಿನ ವೈರಿಗೆ ಸೇರಿಸಿ, ಕಾರಿನ ಭಾಗಗಳು ಒಂದಕ್ಕೊಂದು ಮಾತಾಡುವ ಒಳಜಾಲಕ್ಕೆ 'ಕೀ ಸರಿಯಾಗಿದೆ' ಅಂತ ಸುಳ್ಳು ಸಂದೇಶ ಕಳಿಸುವ ದಂಧೆ ಇದು. ಈ ದಾರಿಗೆ ಕೀ ಚೀಲ ಕೆಲಸಕ್ಕೆ ಬರುವುದಿಲ್ಲ. ಸ್ಟೇರಿಂಗ್ ಲಾಕ್ ಬರುತ್ತದೆ. ನಂಬಿಕಸ್ಥ ಮೆಕ್ಯಾನಿಕ್ ಹತ್ತಿರ ಇಂಧನ ಪಂಪಿನ ವೈರಿಗೆ ಹಾಕಿಸಿದ ಗುಪ್ತ ಸ್ವಿಚ್ಚೂ ಬರುತ್ತದೆ, ಆದರೆ ವಾರಂಟಿಗೆ ಧಕ್ಕೆ ಬರುತ್ತದಾ ಅಂತ ಮೊದಲು ಕೇಳಿಕೊಳ್ಳಿ. ಬೆಳಗ್ಗೆ ಎದ್ದು ನೋಡಿದಾಗ ಬಂಪರ್ ಸಡಿಲವಾಗಿದ್ದರೆ, ಚಕ್ರದ ಮೇಲಿನ ಪ್ಲಾಸ್ಟಿಕ್ ಕಿತ್ತು ಬಂದಿದ್ದರೆ, 'ಯಾರೋ ತಾಗಿಸಿ ಹೋಗಿದ್ದಾರೆ' ಅಂತ ಸುಮ್ಮನಾಗಬೇಡಿ. ಆ ರಾತ್ರಿಯಿಂದಲೇ ಗಾಡಿ ಬೇರೆ ಕಡೆ ನಿಲ್ಲಿಸಿ.

ಪ್ರಶ್ನೆ: ಎರಡೇ ನಿಮಿಷದ ಕೆಲಸಕ್ಕೆ ಎಂಜಿನ್ ಆಫ್ ಮಾಡದೇ ಇಳಿದರೆ ಏನಾಗುತ್ತದೆ?

ಉತ್ತರ: ಇಷ್ಟು ಹೊತ್ತು ಹೇಳಿದ ಆಂಟೆನಾ, ಯಂತ್ರ ಯಾವುದೂ ಬೇಕಾಗುವುದಿಲ್ಲ. ಕಳ್ಳನ ಕೈಗೇ ಬೀಗದ ಕೈ ಕೊಟ್ಟಂತೆ. ವಿಮೆಯವರೂ 'ನೀವೇ ಕೊಟ್ಟಿದ್ದಲ್ವಾ' ಅಂತ ತಕರಾರು ತೆಗೆಯಬಹುದು. ಹಿಂದಿನ ಸೀಟಿನಲ್ಲಿ ಮಗು ಇದ್ದರಂತೂ ಇಳಿಯಲೇಬೇಡಿ.

ಪ್ರಶ್ನೆ: ರಿಮೋಟ್ ಒತ್ತಿ ಬಂದಿದ್ದೆ, ವಾಪಸ್ ಹೋದಾಗ ಬಾಗಿಲು ತೆರೆದಿತ್ತು, ಬ್ಯಾಗ್ ಇರಲಿಲ್ಲ. ನಾನೇ ಮರೆತೆನಾ?

ಉತ್ತರ: ಮರೆತಿರಲಿಕ್ಕಿಲ್ಲ. ನೀವು ಬಟನ್ ಒತ್ತುವ ಹೊತ್ತಿಗೆ ಪಕ್ಕದಲ್ಲಿ ಯಾರಾದರೂ ಅದೇ ತರಂಗಾಂತರದಲ್ಲಿ ಗದ್ದಲ ಎಬ್ಬಿಸಿದರೆ ರಿಮೋಟಿನ ಮಾತು ಕಾರಿಗೆ ಕೇಳಿಸುವುದೇ ಇಲ್ಲ. ನಡೆಯುತ್ತಾ ಹಿಂದೆ ತಿರುಗದೇ ಬಟನ್ ಒತ್ತುವ ಠೀವಿ ನನಗೂ ಇತ್ತು, ಒಂದು ಸಲ ಸಂಜೆವರೆಗೂ ಗಾಡಿ ತೆರೆದೇ ನಿಂತಿದ್ದು ನೋಡಿದ ಮೇಲೆ ಬಿಟ್ಟೆ. ನನ್ನದು ಬರೀ ಬ್ಯಾಟರಿ ಸತ್ತ ರಿಮೋಟು, ಕಳ್ಳರೇನೂ ಇರಲಿಲ್ಲ. ಈಗ ದೀಪ ಮಿನುಗುವುದನ್ನು ನೋಡಿ, ಹ್ಯಾಂಡಲ್ ಎಳೆದು ನೋಡಿಯೇ ಹೊರಡುತ್ತೇನೆ.

ಪ್ರಶ್ನೆ: ಹಳೇ ಕಾರು ಕೊಂಡೆವು. ಒಂದೇ ಕೀ ಕೊಟ್ಟರು, ಇನ್ನೊಂದು ಕಳೆದುಹೋಗಿದೆಯಂತೆ. ತೊಂದರೆ ಇದೆಯಾ?

ಉತ್ತರ: ಕಳೆದಿರಬಹುದು. ಕಳೆಯದೆಯೂ ಇರಬಹುದು. ನಿಮ್ಮ ಕಾರನ್ನು ತೆರೆಯುವ ಕೀ ಇನ್ನೆಲ್ಲೋ ಇದೆ ಅಂತ ಗೊತ್ತಿದ್ದೂ ಮಲಗಲು ನನಗಂತೂ ಆಗುತ್ತಿರಲಿಲ್ಲ. ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಹೋಗಿ ಕಾರಿನ ನೆನಪಿನಲ್ಲಿ ಎಷ್ಟು ಕೀ ದಾಖಲಾಗಿವೆ ಅಂತ ನೋಡಿಸಿ. ಎಲ್ಲ ಅಳಿಸಿ, ನಿಮ್ಮ ಕೈಯಲ್ಲಿರುವುದನ್ನು ಮಾತ್ರ ಮತ್ತೆ ಸೇರಿಸಿಸಿ, ಹೊಸದಾಗಿ ಎರಡನೆಯದು ಮಾಡಿಸಿ. ಖರ್ಚಾಗುತ್ತದೆ, ಮಾಡಿ. ಕಾರು ಕಳುವಾದಾಗ ಎರಡೂ ಕೀ ತೋರಿಸಿ ಅಂತ ವಿಮೆಯವರು ಕೇಳುವುದು ಮಾಮೂಲು, ಆಗ ಇಲ್ಲ ಅನ್ನಬೇಕಾಗುತ್ತದೆ.

ಇನ್ನೊಂದು ಯಾರಿಗೂ ಹೊಳೆಯುವುದಿಲ್ಲ: ಕಾರಿಗೆ ಮೊಬೈಲ್ ಆ್ಯಪ್ ಇದ್ದರೆ ಹಳೇ ಮಾಲೀಕರ ಖಾತೆ ಇನ್ನೂ ಅದಕ್ಕೆ ಅಂಟಿಕೊಂಡಿರಬಹುದು. ಅವರು ಎಲ್ಲೋ ಕೂತು ನಿಮ್ಮ ಕಾರು ಎಲ್ಲಿದೆ ಅಂತ ನೋಡಬಹುದು, ಬಾಗಿಲೂ ತೆರೆಯಬಹುದು. ಕಾರನ್ನು ಫ್ಯಾಕ್ಟರಿ ಸ್ಥಿತಿಗೆ ರೀಸೆಟ್ ಮಾಡಿಸಿ, ಖಾತೆ ನಿಮ್ಮ ಹೆಸರಿಗೆ ಬಂತಾ ನೋಡಿ. ಮುಂದೆ ನೀವು ಮಾರುವಾಗಲೂ ಇದನ್ನೇ ಮಾಡಿ. ಟೆಸ್ಟ್ ಡ್ರೈವ್‌ಗೆ ಬಂದವರು ವಾಪಸ್ ಕೊಟ್ಟ ಕೀ ನಿಮ್ಮದೇನಾ ಅಂತ ಅವರ ಎದುರೇ ಒತ್ತಿ ನೋಡಿ. ನೋಡಲು ಒಂದೇ ಥರ ಇರುವ ಕೀ ಅದಲುಬದಲು ಮಾಡಿ ಹೋಗುವವರಿದ್ದಾರೆ.

ಪ್ರಶ್ನೆ: ಜಿಪಿಎಸ್ ಟ್ರ್ಯಾಕರ್ ಬದಲು ಬೀಗದ ಗೊಂಚಲಿಗೆ ಹಾಕುವ ಪುಟ್ಟ ಟ್ಯಾಗ್ ಇಟ್ಟರೆ ನಡೆಯುತ್ತಾ?

ಉತ್ತರ: ಏನೂ ಇಲ್ಲದ್ದಕ್ಕಿಂತ ಪರವಾಗಿಲ್ಲ. ಟ್ಯಾಗ್ ಸುತ್ತಮುತ್ತಲಿನವರ ಫೋನ್ ನೆಚ್ಚಿಕೊಂಡು ಜಾಗ ತಿಳಿಸುತ್ತದೆ. ಆದರೆ ಹೆಂಗಸರನ್ನು ಬೆನ್ನಟ್ಟಲು ಅದನ್ನು ಬಳಸದಂತೆ ತಡೆಯಲು, 'ಯಾವುದೋ ಅಪರಿಚಿತ ಟ್ಯಾಗ್ ನಿಮ್ಮ ಜೊತೆ ಬರುತ್ತಿದೆ' ಅಂತ ಫೋನು ಎಚ್ಚರಿಸುವ ಏರ್ಪಾಡು ಇದೆ. 2024ರ ಮೇ ತಿಂಗಳಿಂದ ಆಪಲ್, ಗೂಗಲ್ ಎರಡೂ ಇದರಲ್ಲಿ ಕೈಜೋಡಿಸಿವೆ. ಒಳ್ಳೆಯದೇ, ಆದರೆ ಕಳ್ಳನ ಫೋನಿಗೂ ಅದೇ ಎಚ್ಚರಿಕೆ ಬರುತ್ತದೆ. ಜಿಪಿಎಸ್ ಟ್ರ್ಯಾಕರ್ ಹೀಗೆ ಚಾಡಿ ಹೇಳುವುದಿಲ್ಲ, ಆದರೆ ಸಿಗ್ನಲ್ ಅಡಗಿಸುವ ಜಾಮರ್ ಇದ್ದರೆ ಅದೂ ಮೂಕ. ಸ್ವಂತ ಬ್ಯಾಟರಿ ಇರುವುದನ್ನು, ಕೈ ಹಾಕಿದ ಕೂಡಲೇ ಸಿಗದ ಜಾಗದಲ್ಲಿ ಇಡಿ. ಟ್ರ್ಯಾಕರ್ ಕಳ್ಳತನ ತಪ್ಪಿಸುವುದಿಲ್ಲ, ಹುಡುಕಲು ನೆರವಾಗುತ್ತದೆ ಅಷ್ಟೇ. ಅದನ್ನು ತಂದು ಸ್ಟೇರಿಂಗ್ ಲಾಕ್ ಬಿಟ್ಟವರು ನನಗೆ ಗೊತ್ತು, ತಪ್ಪು ಲೆಕ್ಕ.

ಪ್ರಶ್ನೆ: ಕಾರು ಹೋಗಿಯೇಬಿಟ್ಟರೆ ಮೊದಲು ಏನು ಮಾಡಬೇಕು?

ಉತ್ತರ: ಮೊದಲು ಮನೆಯವರಿಗೆಲ್ಲ ಫೋನ್ ಮಾಡಿ. ತಮಾಷೆಯಲ್ಲ, ಮಗಳು ತೆಗೆದುಕೊಂಡು ಹೋಗಿರಬಹುದು, ತಪ್ಪು ಜಾಗದಲ್ಲಿ ನಿಲ್ಲಿಸಿದ್ದಕ್ಕೆ ಎಳೆದೊಯ್ದಿರಬಹುದು. ಅದಲ್ಲ ಅಂತಾದರೆ ತಡಮಾಡದೇ ಪೊಲೀಸರಿಗೆ ತಿಳಿಸಿ: ನಂಬರು, ಚಾಸಿ ನಂಬರು, ಬಣ್ಣ, ಎಲ್ಲಿ ಗೀರಿದೆ, ಯಾವ ಸ್ಟಿಕರ್ ಇದೆ. ಈ ವಿವರ ಮತ್ತು ನಾಲ್ಕು ಕಡೆಯ ಫೋಟೋ ಈಗಲೇ ಫೋನಿನಲ್ಲಿ ಇಟ್ಟುಕೊಳ್ಳಿ, ಕಾಗದ ಪತ್ರವೆಲ್ಲ ಕಾರಿನೊಳಗೇ ಇದ್ದರೆ ಅವತ್ತು ಬಾಯಿ ಬಡಿದುಕೊಳ್ಳಬೇಕಾಗುತ್ತದೆ. ಆಮೇಲೆ ವಿಮೆಯವರು. ಬರೀ ಎದುರಿನವರ ನಷ್ಟ ಕಟ್ಟಿಕೊಡುವ ವಿಮೆ ಇದ್ದರೆ ಕಳ್ಳತನಕ್ಕೆ ಏನೂ ಸಿಗುವುದಿಲ್ಲ, ನಿಮ್ಮದು ಯಾವುದು ಅಂತ ಇವತ್ತೇ ನೋಡಿ.

ಮ್ಯಾಪಿನಲ್ಲಿ 'ಮನೆ' ಅಂತ ಗುರುತು ಹಾಕಿದ್ದರೆ, ಗೇಟಿನ ರಿಮೋಟು ಅಥವಾ ಮನೆಯ ಕೀ ಕಾರಿನಲ್ಲೇ ಇದ್ದರೆ, ಅವನಿಗೆ ನಿಮ್ಮ ಮನೆಯೂ ಸಿಕ್ಕಂತೆ. ಅವತ್ತೇ ಬೀಗ ಬದಲಿಸಿ. ಕದ್ದ ಕಾರನ್ನು ಟ್ರ್ಯಾಕರ್ ಇದೆಯಾ ಅಂತ ನೋಡಲು ಒಂದೆರಡು ದಿನ ಎಲ್ಲೋ ಸುಮ್ಮನೆ ನಿಲ್ಲಿಸಿಡುವ ಅಭ್ಯಾಸ ಕಳ್ಳರಿಗಿದೆ. ಹಾಗಾಗಿ ಮೊದಲ ಎರಡು ದಿನ ಬೆಲೆಬಾಳುವ ದಿನಗಳು. ನಕ್ಷೆಯಲ್ಲಿ ಕಾರಿನ ಚುಕ್ಕೆ ಕಂಡರೆ ನೀವೇ ಅಲ್ಲಿಗೆ ಓಡಬೇಡಿ, ಸ್ಕ್ರೀನ್‌ಶಾಟ್ ತೆಗೆದು ಪೊಲೀಸರಿಗೆ ಕೊಡಿ, ಅವರು ಹೋಗಲಿ.