ಇಡೀ ಕಾರ್ಡ್ ಕರ್ಲ್ಜ್ ಫಾಂಟ್‌ನಲ್ಲಿ ಮಾಡಬಹುದಾ?

ಮಗಳ ಹುಟ್ಟುಹಬ್ಬದ ಇಂಗ್ಲಿಷ್ ಕಾರ್ಡನ್ನು ಪೂರ್ತಿ ಕರ್ಲ್ಜ್‌ನಲ್ಲೇ ಮಾಡಿಸಬಹುದಾ ಅಂತ ಕೇಳಿದ್ದೀರಿ. ಹೆಸರಿಗೆ ಧಾರಾಳವಾಗಿ ಬಳಸಿ, ವಿಳಾಸಕ್ಕೆ ಮಾತ್ರ ಬೇಡ.

ಸೆರಿಫ್ ಅಂದರೆ ಅಕ್ಷರದ ಗೆರೆ ಮುಗಿಯುವ ಕಡೆ ಇರುವ ಪುಟ್ಟ ಚಾಚು. ಪುಸ್ತಕದ ಫಾಂಟ್‌ಗಳಲ್ಲಿ ಅದು ಅಚ್ಚುಕಟ್ಟಾಗಿ ಕೂತಿರುತ್ತದೆ. ಕರ್ಲ್ಜ್‌ನಲ್ಲಿ ಹೀರೆ ಬಳ್ಳಿಯ ಕುಡಿಯ ಹಾಗೆ ಸುರುಳಿ ಸುತ್ತಿಕೊಂಡಿದೆ. ಅದೇ ಇದರ ಚಂದ. 1995ರಲ್ಲಿ ಕಾರ್ಲ್ ಕ್ರಾಸ್‌ಗ್ರೋವ್ ಮತ್ತು ಸ್ಟೀವ್ ಮ್ಯಾಟ್ಸನ್ ರೂಪಿಸಿದ ಈ ಅಕ್ಷರ, ದೊಡ್ಡದಾಗಿ ಕಾಣಬೇಕಾದ ನಾಲ್ಕೈದು ಪದಗಳಿಗೆ ಸರಿ.

ನಾನು ಕೊಪ್ಪಳದಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಒಮ್ಮೆ ಒಬ್ಬರು ಹಟ ಹಿಡಿದರು ಅಂತ ಊಟದ ಸಮಯ, ಕಲ್ಯಾಣ ಮಂಟಪದ ವಿಳಾಸ ಎಲ್ಲವನ್ನೂ 10 ಪಾಯಿಂಟ್‌ನಷ್ಟು ಚಿಕ್ಕ ಗಾತ್ರದ ಕರ್ಲ್ಜ್‌ನಲ್ಲೇ ಹಾಕಿದೆ. ಪ್ರಿಂಟ್ ತೆಗೆದರೆ ಸುರುಳಿಗಳೆಲ್ಲ ಒಂದಕ್ಕೊಂದು ತೊಡರಿಕೊಂಡಂತೆ ಕಂಡವು. ಅವರ ತಂದೆ ಕಾರ್ಡನ್ನು ಕಣ್ಣ ಹತ್ತಿರ ಹಿಡಿದು, ದೂರ ಹಿಡಿದು, ಕೊನೆಗೆ ಮೊಮ್ಮಗನ ಕೈಗೆ ಕೊಟ್ಟು ಓದಿಸಿದರು. ಹೆಸರೊಂದನ್ನೇ 60 ಪಾಯಿಂಟ್‌ಗೆ ಏರಿಸಿ, ಉಳಿದದ್ದನ್ನು ಸಾದಾ ಫಾಂಟ್‌ಗೆ ಬದಲಾಯಿಸಿದ ಮೇಲೆ ಇಬ್ಬರಿಗೂ ಸಮಾಧಾನ ಆಯಿತು.

ಹಾಂ, ಕರ್ಲ್ಜ್‌ನಲ್ಲಿ ಕನ್ನಡ ಅಕ್ಷರಗಳಿಲ್ಲ. ಹೆಸರು ಕನ್ನಡದಲ್ಲೂ ಬೇಕಿದ್ದರೆ ದುಂಡುದುಂಡಾದ ‘ಬಲೂ ತಮ್ಮ’ ಅನ್ನುವ ಕನ್ನಡ ಫಾಂಟ್ ನೋಡಿ, ಉಚಿತವಾಗಿ ಸಿಗುತ್ತದೆ.