ವಿನೈಲ್ ರೆಕಾರ್ಡ್ ಶುಚಿಗೊಳಿಸಲು ಬ್ರಷ್ ಸಾಕೇ, ಯಂತ್ರ ಬೇಕೇ?

ಹಾಡಿನ ಪ್ಲಾಸ್ಟಿಕ್ ತಟ್ಟೆಗಳಾದ ವಿನೈಲ್ ರೆಕಾರ್ಡುಗಳಿಗೆ ಸಾಧಾರಣ ಬ್ರಷ್ ಸಾಕೇ ಅಥವಾ ದುಬಾರಿ ಯಂತ್ರವೇ ಬೇಕೇ ಎಂಬುದು ಕೊಳೆ ಯಾವ ಬಗೆಯದು ಎಂಬುದನ್ನು ಅವಲಂಬಿಸಿದೆ. ಮೇಲೆ ಕುಳಿತ ಒಣ ಧೂಳಿಗೆ ಕಾರ್ಬನ್ ಫೈಬರ್ ಬ್ರಷ್ ಸಾಕು. ತಟ್ಟೆ ತಿರುಗುತ್ತಿರುವಾಗ ಬ್ರಷ್ಷಿನ ಎಳೆಗಳನ್ನು ಭಾರ ಹಾಕದೆ ಒಂದೆರಡು ಸುತ್ತು ತಾಗಿಸಿ ಮೆಲ್ಲಗೆ ಅಂಚಿನತ್ತ ಸರಿಸಿದರೆ, ಧೂಳು ತೆಳುವಾದ ಬೂದುಬಣ್ಣದ ಪಟ್ಟಿಯಾಗಿ ಕೂಡಿಕೊಂಡು ಹೊರಬರುತ್ತದೆ. ಪ್ರತಿ ಸಲ ನುಡಿಸುವ ಮೊದಲು ಇಷ್ಟನ್ನು ತಪ್ಪದೆ ಮಾಡುವವರಿಗೆ ಬೇರೇನಾದರೂ ಅಪರೂಪಕ್ಕಷ್ಟೇ ಬೇಕಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬೆರಳಿನ ಜಿಡ್ಡು, ಹೊಗೆಯ ಪದರ, ಬೂಷ್ಟು ಇವುಗಳ ಮಾತು ಬೇರೆ. ಮುಳ್ಳು ಓಡುವ ಗೆರೆ ಕೂದಲೆಳೆಯಷ್ಟೇ ಕಿರಿದಾಗಿರುವುದರಿಂದ ಅಲ್ಲಿ ಅಂಟಿದ ಜಿಡ್ಡು ಒಣ ಬ್ರಷ್ಷಿಗೆ ಜಗ್ಗುವುದಿಲ್ಲ. ಡಿಸ್ಟಿಲ್ಡ್ ನೀರಿಗೆ ಸುವಾಸನೆಯಿಲ್ಲದ ದ್ರವಸೋಪಿನ ಒಂದೆರಡು ಹನಿ ಬೆರೆಸಿ, ಮೆತ್ತನೆಯ ಮೈಕ್ರೋಫೈಬರ್ ಬಟ್ಟೆಯಿಂದ ಗೆರೆಗಳ ಜಾಡಿನಲ್ಲೇ ಒರೆಸಿ, ಬಳಿಕ ಬರಿಯ ಡಿಸ್ಟಿಲ್ಡ್ ನೀರಿನಿಂದ ಸೋಪಿನ ಅಂಶ ಉಳಿಯದಂತೆ ತೊಳೆಯಬೇಕು. ನಡುವಿನ ಕಾಗದದ ಲೇಬಲ್ ನೆನೆಯಬಾರದು. ನಲ್ಲಿ ನೀರು ಬೇಡ, ಏಕೆಂದರೆ ಅದರ ಲವಣಗಳು ಒಣಗಿ ಗೆರೆಯೊಳಗೇ ಉಳಿದು ಚಟಪಟ ಸದ್ದಿಗೆ ಕಾರಣವಾಗುತ್ತವೆ.

ನಿರ್ವಾತ ಯಂತ್ರದ ನಿಜವಾದ ಲಾಭವೆಂದರೆ, ಕೊಳೆ ಕರಗಿದ ನೀರನ್ನು ಅದು ಒಣಗುವ ಮೊದಲೇ ಹೀರಿಬಿಡುವುದು. ಬಟ್ಟೆಗೆ ಅದು ಪೂರ್ತಿ ಸಾಧ್ಯವಿಲ್ಲ. ಅಲ್ಟ್ರಾಸಾನಿಕ್ ಯಂತ್ರ ಕಿವಿಗೆ ಕೇಳದ ಧ್ವನಿತರಂಗಗಳು ನೀರಿನಲ್ಲಿ ಎಬ್ಬಿಸುವ ಸೂಕ್ಷ್ಮ ಗುಳ್ಳೆಗಳಿಂದ ಕೊಳೆಯನ್ನು ಸಡಿಲಿಸುತ್ತದೆ. ಬಳಸಿದ ಹಳೆಯ ರೆಕಾರ್ಡುಗಳನ್ನು ನೂರಾರು ಸಂಖ್ಯೆಯಲ್ಲಿ ಕೊಳ್ಳುವವರಿಗೆ ಇವು ಸಾರ್ಥಕ. ಆದರೆ ಬಿದ್ದ ಗೀರನ್ನು ಯಾವ ಯಂತ್ರವೂ ಅಳಿಸದು. 78 ಆರ್‌ಪಿಎಂನ (ನಿಮಿಷಕ್ಕೆ 78 ಸುತ್ತು ತಿರುಗುವ) ಹಳೆಯ ಅರಗಿನ ತಟ್ಟೆಗಳಿಗೆ ಮಾತ್ರ ಆಲ್ಕೋಹಾಲ್ ಇರುವ ದ್ರಾವಣವನ್ನು ಎಂದಿಗೂ ಹಾಕಬಾರದು, ಅದು ಅರಗನ್ನೇ ಕರಗಿಸುತ್ತದೆ.