ಇಂಗ್ಲೆಂಡಿನ ರಾಕ್ ತಂಡ ದಿ ಸ್ಮಿತ್ಸ್‌ನ ‘ದೇರ್ ಈಸ್ ಎ ಲೈಟ್ ದಟ್ ನೆವರ್ ಗೋಸ್ ಔಟ್’ ಸಾವನ್ನು ಬಯಸುವ ಹಾಡೇ?

ಮೇಲ್ನೋಟಕ್ಕೆ ಹೌದು. ಡಬಲ್ ಡೆಕ್ಕರ್ ಬಸ್ಸೋ ಹತ್ತು ಟನ್ನಿನ ಲಾರಿಯೋ ಬಂದು ಗುದ್ದಿದರೂ ಸರಿ, ನಿನ್ನ ಪಕ್ಕದಲ್ಲಿ ಸಾಯುವುದೇ ಭಾಗ್ಯ ಎನ್ನುತ್ತದೆ ಪಲ್ಲವಿ. ಆದರೆ ನನಗೆ ಹಾಡಿನ ಕೀಲಿ ಸಿಗುವುದು ಕತ್ತಲೆಯ ಸುರಂಗದಾರಿಯ ಸಾಲುಗಳಲ್ಲಿ. ಕಾರಿನಲ್ಲಿ ಕುಳಿತವನಿಗೆ ಕೊನೆಗೂ ಅವಕಾಶ ಒದಗಿ ಬರುತ್ತದೆ. ಅಷ್ಟರಲ್ಲಿ ಏನೋ ಭಯ ಹಿಡಿದು, ಕೇಳಬೇಕಾದ್ದನ್ನು ಕೇಳಲಾಗದೆ ಹೋಗುತ್ತದೆ. ಏನನ್ನು ಕೇಳಬೇಕಿತ್ತು? ಹಾಡು ಹೇಳುವುದಿಲ್ಲ. ಬಾಯಿಬಿಟ್ಟು ಹೇಳಲಾಗದ ಪ್ರೀತಿಯೇ ಆ ಅಪಘಾತದ ಕನಸಾಗಿದೆ ಎಂದು ನಾನು ಓದಿಕೊಳ್ಳುತ್ತೇನೆ. ಸತ್ತರೆ ಕೇಳುವ ಕಷ್ಟವೇ ಇಲ್ಲವಲ್ಲ!

ಮನೆಯ ಮಾತನ್ನೂ ಗಮನಿಸಿ. ಅದು ‘ಅವರ’ ಮನೆ, ತನ್ನದಲ್ಲ ಎನ್ನುತ್ತಾನೆ. ಹಾಗಾಗಿ ಅವನಿಗೆ ಬೇಕಾದದ್ದು ಸಾವಿಗಿಂತ ಹೆಚ್ಚಾಗಿ ಜನ, ಬೆಳಕು, ಮನೆಗೆ ಮರಳದ ಒಂದು ರಾತ್ರಿ.

ಲಾರಿಯ ತೂಕವನ್ನೂ ಲೆಕ್ಕವಿಟ್ಟು ಹೇಳುವುದರಲ್ಲಿ, ಸಾಹಿತ್ಯ ಬರೆದು ಹಾಡಿದ ಮಾರಿಸ್ಸಿಯ ತುಂಟತನವಿದೆ. 1986ರ ‘ದಿ ಕ್ವೀನ್ ಈಸ್ ಡೆಡ್’ ಆಲ್ಬಮ್ಮಿನ ಈ ಹಾಡಿನಲ್ಲಿ ಕೇಳಿಸುವ ಪಿಟೀಲುಗಳೂ ನಿಜವಾದವಲ್ಲ, ಯಂತ್ರದ ಸ್ವರಗಳು. ಆದರೂ ಆಲ್ಬಮ್ಮಿನಲ್ಲಿ ಅದಕ್ಕೊಂದು ಕಾಲ್ಪನಿಕ ವಾದ್ಯವೃಂದದ ಹೆಸರು ಕೊಟ್ಟಿದ್ದಾರೆ: ‘ದಿ ಹೇಟೆಡ್ ಸಾಲ್ಫರ್ಡ್ ಆನ್ಸಾಂಬಲ್’.